ಸಣ್ಣ ಕ್ರ್ಯಾಂಕ್, ಸುಮ್ಮನಾದ ಮೊಣಕಾಲು

ಮೊನ್ನೆ ಭಾನುವಾರ ಸೈಕಲ್ ಮೇಲೆ ಬಳ್ಳಾರಿ ಬಿಟ್ಟು ಹೊಸಪೇಟೆ, ಕೊಪ್ಪಳ, ಗಂಗಾವತಿ, ಕಂಪ್ಲಿ, ಕುರುಗೋಡು ಸುತ್ತಿಕೊಂಡು ಮನೆಗೆ ಬಂದೆ. ಇನ್ನೂರು ಕಿಲೋಮೀಟರ್ ಚಿಲ್ಲರೆ. ಗಂಗಾವತಿಯಲ್ಲಿ ಕೂತು ತಿಂದ ಒಗ್ಗರಣೆ-ಮಿರ್ಚಿ ಸೇರಿ ಹನ್ನೊಂದು ಗಂಟೆ ಹಿಡಿಯಿತು. ಪುಣ್ಯಕ್ಕೆ ಕಂಪ್ಲಿ ಸೇತುವೆ ಮೇಲೆ ನೀರಿರಲಿಲ್ಲ. ತುಂಗಭದ್ರಾ ಡ್ಯಾಂನಿಂದ ಹೊಳೆಗೆ ಜಾಸ್ತಿ ಬಿಟ್ಟರೆ ಆ ದಾರಿಯೇ ಇರುವುದಿಲ್ಲ, ಗೊತ್ತಲ್ಲ. ರಾತ್ರಿ ಮಹಡಿ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದೆ. ಒಂದೂವರೆ ವರ್ಷದ ಹಿಂದೆ ಅದೇ ಮೆಟ್ಟಿಲನ್ನು ಕೂಸಿನ ಹಾಗೆ ಕೂತು ಕೂತು ಇಳಿದವನು ನಾನು.

ನೋವು ಎಡಗಾಲಿನದ್ದು. ಮೊಣಕಾಲ ಚಿಪ್ಪಿನ ಕೆಳಗೆ, ಮುಂಭಾಗದಲ್ಲಿ. ಹೊಸಪೇಟೆ ಮುಟ್ಟುವವರೆಗೆ ಏನೂ ಇಲ್ಲ. ವಾಪಸ್ ತಿರುಗಿದರೆ ಶುರು. ತೋರಣಗಲ್ಲು ಬರುವಷ್ಟರಲ್ಲಿ ಒಂದೇ ಕಾಲಲ್ಲಿ ತುಳಿಯುತ್ತಿದ್ದೆ.

ಮೊದಲು ದುಡ್ಡಿನ ಕಥೆ ಮುಗಿಸಿಬಿಡುತ್ತೇನೆ. ಡಾಕ್ಟರ್ ಫೀಸು, ಎಕ್ಸ್‌ರೇ ಸೇರಿ ಸಾವಿರದ ನೂರು. ಎಂಆರ್‌ಐ ಆರು ಸಾವಿರ. ಅದರಲ್ಲಿ ಏನೂ ಕಾಣಲಿಲ್ಲ. "ವಯಸ್ಸಾಯ್ತಲ್ಲ, ಸೈಕಲ್ ಬಿಡಿ, ವಾಕಿಂಗ್ ಮಾಡಿ" ಎಂದರು. ನನಗಾಗ ನಲವತ್ತಾರು. ನೀ ಕ್ಯಾಪ್ ಜೋಡಿ ಒಂಬೈನೂರು, ಸ್ಪ್ರೇ ಆರುನೂರು, ಸೀಟಿಗೆ ಜೆಲ್ ಕವರ್ ಮುನ್ನೂರೈವತ್ತು. ಅವ್ವ ಮಾತ್ರ ದುಡ್ಡಿಲ್ಲದ ಔಷಧ ಮಾಡಿದಳು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿದಳು. ಹಾಯ್ ಅನ್ನಿಸಿ ನಿದ್ದೆಯೇನೋ ಬಂತು. ಮುಂದಿನ ಭಾನುವಾರ ಅದೇ ಜಾಗದಲ್ಲಿ ಅದೇ ನೋವು.

ಇದರಲ್ಲಿ ಒಂದು ತಮಾಷೆಯಿದೆ. ಜೆಲ್ ಕವರ್ ಹಾಕಿದ ವಾರ ನೋವು ಅರ್ಧಕ್ಕರ್ಧ ಕಡಿಮೆಯಾಯಿತು. ಕವರ್ ಹಿಸುಕಿ ಚಪ್ಪಟೆಯಾದ ಮೇಲೆ ಮತ್ತೆ ಬಂತು. ಜೆಲ್ಲೇ ಗುಣ ಮಾಡಿತ್ತು ಅಂದುಕೊಂಡು ಇನ್ನೊಂದು ಕವರ್ ತಂದೆ. ಅದು ಒಂದು ಸೆಂಟಿಮೀಟರ್ ಎತ್ತರದ ಗುಣ ಅಂತ ಹೊಳೆಯಲು ನನ್ನಂಥವನಿಗೆ ಮೂರು ತಿಂಗಳು ಬೇಕಾಯಿತು. ನನ್ನಂಥವನಿಗೆ ಅಂದೆ ಯಾಕಂದರೆ ನಾನು ಜೀನ್ಸ್ ಕಟಿಂಗ್ ಮಾಸ್ಟರ್. ಇಪ್ಪತ್ತೆರಡು ವರ್ಷದಿಂದ ಕೊರಳಲ್ಲಿ ಟೇಪು.

ಆ ಟೇಪಿನ ಸೊಕ್ಕೇ ನನ್ನನ್ನು ಕೆಡಿಸಿದ್ದು. ಸೀಟಿನ ಎತ್ತರಕ್ಕೆ ಸೈಕಲ್ಲಿನವರಲ್ಲಿ ಒಂದು ಲೆಕ್ಕವಿದೆ: ತೊಡೆಸಂದಿಯಿಂದ ನೆಲದವರೆಗಿನ ಕಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ, ಪೆಡಲ್ ತಿರುಗುವ ನಡು ಅಚ್ಚಿನಿಂದ ಸೀಟಿನವರೆಗಿನ ಎತ್ತರ. ಕಾಲಿನ ಅಳತೆಯನ್ನು ನಾನು ಅಳೆಯಲೇ ಇಲ್ಲ. ನನ್ನ ಪ್ಯಾಂಟಿನ ಇನ್‌ಸೀಮ್ (ಒಳಕಾಲಿನ ಉದ್ದ) 30 ಇಂಚು, ಅಂದರೆ 76 ಸೆಂ.ಮೀ. ಅದಕ್ಕೇ ಗುಣಿಸಿ 67ಕ್ಕೆ ಸೀಟು ಕೂರಿಸಿದ್ದೆ. ಪ್ಯಾಂಟು ನೆಲ ಮುಟ್ಟುವುದಿಲ್ಲ, ಮೇಲೂ ಸಡಿಲ ಬಿಟ್ಟಿರುತ್ತೇವೆ. ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ಪುಸ್ತಕ ಒತ್ತಿ ಅಳೆದಾಗ ಬಂದದ್ದು 81. ಅಂದರೆ ಸೀಟು ಇರಬೇಕಾದದ್ದು 71.5. ನಾಲ್ಕೂವರೆ ಸೆಂಟಿಮೀಟರ್ ಕೆಳಗೆ ಕೂತು ವರ್ಷಗಟ್ಟಲೆ ತುಳಿದಿದ್ದೇನೆ! ಗಿರಾಕಿಗೆ ಹೀಗೆ ಕತ್ತರಿಸಿದ್ದರೆ ಬಟ್ಟೆ ಮುಖಕ್ಕೆ ಎಸೆಯುತ್ತಿದ್ದ.

ಸಿಟ್ಟಿಗೆ ಅವತ್ತೇ ಪೂರ್ತಿ ಎತ್ತಿದೆ. ಸಿರುಗುಪ್ಪ ದಾರಿಯಲ್ಲಿ ನಲವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ನೋವು ಮುಂದಿನಿಂದ ಹಿಂದಕ್ಕೆ ಹೋಯಿತು, ಮೊಣಕಾಲಿನ ಮಡಿಕೆಗೆ. ಸೊಂಟ ಆ ಕಡೆ ಈ ಕಡೆ ತೂಗಾಡುತ್ತಿತ್ತಂತೆ, ಹಿಂದೆ ಬರುತ್ತಿದ್ದವರು ಹೇಳಿದರು. ಮತ್ತೆ 68ಕ್ಕೆ ಇಳಿಸಿ, ವಾರಕ್ಕೆ ಮೂರು ಮಿಲಿಮೀಟರ್ ಲೆಕ್ಕದಲ್ಲಿ ಏರಿಸುತ್ತ ಎರಡು ತಿಂಗಳಲ್ಲಿ 70.5ಕ್ಕೆ ನಿಂತೆ. ಅದರ ಮೇಲೆ ಹೋದರೆ ಸೊಂಟ ತೂಗಾಡುತ್ತದೆ. ಈಗ ನೋವು ಅರವತ್ತು ಕಿಲೋಮೀಟರಿನ ಬದಲು ನೂರಾ ಹತ್ತಕ್ಕೆ ಬರತೊಡಗಿತು. ಲಾಭವೇ. ಆದರೆ 200 ಕಿಲೋಮೀಟರಿನ ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಹದಿಮೂರೂವರೆ ಗಂಟೆ ಸಮಯ. ಅರ್ಧ ದಾರಿಯಲ್ಲಿ ಕುಂಟಿದರೆ ಹೇಗೆ?

ದೀಪಾವಳಿಗೆ ಹಿತ್ತಲು ಕ್ಲೀನ್ ಮಾಡುವಾಗ ಅಪ್ಪನ ಹಳೆ ಅಟ್ಲಾಸ್ ಸೈಕಲ್ ಸಿಕ್ಕಿತು. ಅಪ್ಪ ಅದರ ಮೇಲೆ ಬಟ್ಟೆ ಗಂಟು ಕಟ್ಟಿಕೊಂಡು ಕುರುಗೋಡು ಸಂತೆಗೆ ಹೋಗುತ್ತಿದ್ದರು. ಸುಮ್ನೆ ಟೇಪು ಹಿಡಿದೆ. ಪೆಡಲನ್ನು ಹಿಡಿದಿರುವ ಕ್ರ್ಯಾಂಕ್ ತೋಳು ಆರೂವರೆ ಇಂಚು, ಅಂದರೆ 165 ಮಿ.ಮೀ. ನನ್ನ ಹೈಬ್ರಿಡ್ ಸೈಕಲ್ಲಿನದು 175. ಅಪ್ಪ ನನಗಿಂತ ಎರಡಿಂಚು ಎತ್ತರ!

ಕ್ರ್ಯಾಂಕ್ ಹತ್ತು ಮಿ.ಮೀ. ಸಣ್ಣದಾದರೆ ಸೀಟನ್ನು ಹತ್ತು ಮಿ.ಮೀ. ಎತ್ತಬಹುದು. ಕೆಳಗಡೆ ಕಾಲು ಚಾಚುವುದು ಮೊದಲಿನಷ್ಟೇ. ಆದರೆ ಪೆಡಲ್ ಮೇಲೆ ಬಂದಾಗ ಪಾದ ಸೀಟಿನಿಂದ ಇಪ್ಪತ್ತು ಮಿ.ಮೀ. ದೂರ, ಮೊಣಕಾಲು ಅಷ್ಟು ಕಡಿಮೆ ಮಡಚುತ್ತದೆ. ನಮ್ಮ ಗುಂಪಿಗೆ ಹೇಳಿದೆ. "ಮಾಸ್ಟರ್, ಪ್ಯಾಂಟ್ ಆಲ್ಟರ್ ಮಾಡಿದಂಗಲ್ಲ ಇದು. ಪವರ್ ಹೋಗ್ತೈತಿ, ಸಂಡೂರು ಏರು ಏರಂಗಿಲ್ಲ ನೀವು" ಎಂದು ನಕ್ಕರು. ಬೆಂಗಳೂರಿಗೆ ಹೋಗಿ ಮೈಗೆ ತಕ್ಕಂತೆ ಸೈಕಲ್ ಫಿಟ್ಟಿಂಗ್ ಮಾಡಿಸು, ಎಂಟು-ಹತ್ತು ಸಾವಿರ ಆಗುತ್ತೆ ಅಂದವರೂ ಇದ್ದರು.

ಸೆಕೆಂಡ್ ಹ್ಯಾಂಡ್ 165 ಕ್ರ್ಯಾಂಕ್ ಸಾವಿರದ ಒಂಬೈನೂರಕ್ಕೆ ಸಿಕ್ಕಿತು, ಕೊರಿಯರ್ ಬೇರೆ. ಮೆಕ್ಯಾನಿಕ್ ಹತ್ತಿರ ಕ್ರ್ಯಾಂಕ್ ಎಳೆದು ಬಿಚ್ಚುವ ಪುಲ್ಲರ್ ಇರಲಿಲ್ಲ. ಸುತ್ತಿಗೆಯಲ್ಲಿ ಹೊಡೆದು ಹಳೆಯದರ ಥ್ರೆಡ್ ಕೆಡಿಸಿದ. ಮುನ್ನೂರೈವತ್ತು ಕೊಟ್ಟು ಪುಲ್ಲರ್ ತರಿಸಿ ಉಳಿದದ್ದನ್ನು ನಾನೇ ಬಿಚ್ಚಿದೆ. ಚೈನ್ ಉಜ್ಜತೊಡಗಿತು. ಕ್ರ್ಯಾಂಕ್ ತಿರುಗುವ ಅಚ್ಚು, ಅಂದರೆ ಬಾಟಮ್ ಬ್ರಾಕೆಟ್, ಬೇರೆ ಅಳತೆಯದು ಬೇಕಾಯಿತು, ಮತ್ತೆ ಏಳುನೂರು. ಎಲ್ಲ ಸೇರಿ ಮೂರು ಸಾವಿರ.

ಸೀಟು 71.5ಕ್ಕೆ ಬಂದು ಕೂತಿತು. ಲೆಕ್ಕದ ಅಂಕಿಯೇ!

ಮೊದಲ ಮೂರು ವಾರ ಅವರು ನಕ್ಕದ್ದೇ ನಿಜ ಅನ್ನಿಸಿತು. ಗಂಟೆಗೆ ಎರಡು ಕಿಲೋಮೀಟರ್ ಸ್ಪೀಡು ಬಿತ್ತು, ಏದುಸಿರು ಬೇರೆ. ತಪ್ಪು ನನ್ನದೇ. ಹಳೇ ಗೇರಲ್ಲೇ ಒತ್ತುತ್ತಿದ್ದೆ. ನಮ್ಮ ಕಡೆ ಆಷಾಢದ ಗಾಳಿ ಪಡುವಣದಿಂದ ಬೀಸುತ್ತೆ, ಹೊಸಪೇಟೆ ಕಡೆ ಹೊರಟರೆ ಎದೆಗೇ ಹೊಡೆಯುತ್ತೆ. ದೊಡ್ಡ ಗೇರಲ್ಲಿ ನಿಮಿಷಕ್ಕೆ ಐವತ್ತೈದು ಸುತ್ತು ತುಳಿದರೆ ಯಾವ ಕ್ರ್ಯಾಂಕೂ ಮೊಣಕಾಲು ಉಳಿಸಲ್ಲ. ಈಗ ಹದಿನೈದು ಸೆಕೆಂಡಿಗೆ ಬಲಗಾಲು ಇಪ್ಪತ್ತು ಸಲ ಬರಬೇಕು, ಕಾಲ್ಮಷೀನು ತುಳಿದ ಹಾಗೆ. ಅದಕ್ಕೆ ಮುಂದಿನ 28 ಹಲ್ಲಿನ ಸಣ್ಣ ಚಕ್ರಕ್ಕೆ ಇಳಿಯಬೇಕಾದರೆ ಇಳಿಯುತ್ತೇನೆ. ಹಿಂದಿನವರು ದಾಟಿ ಹೋಗಲಿ. ಸಂಡೂರು ಏರನ್ನು ನಕ್ಕವನಿಗಿಂತ ನಾಲ್ಕು ನಿಮಿಷ ಮುಂಚೆ ಹತ್ತಿದೆ. ಈಗ ಪುಲ್ಲರ್ ಕೇಳುತ್ತಿದ್ದಾನೆ. ಇನ್ನೂ ಕೊಟ್ಟಿಲ್ಲ.

ನಡುವೆ ಕ್ಲೀಟ್ (ಶೂವನ್ನು ಪೆಡಲಿಗೆ ಕಚ್ಚಿಸುವ ಕೊಕ್ಕೆ) ಹುಚ್ಚೂ ಹಿಡಿದಿತ್ತು. ಬೆರಳು ಹೊರಗೆ ತಿರುಗಿಸಿ ಬಿಗಿದೆ, ಒಳಭಾಗ ನೋವು. ಒಳಗೆ ತಿರುಗಿಸಿದೆ, ಹೊರಭಾಗ ನೋವು. ಅರ್ಧ ರೇಟಿಗೆ ಮಾರಿ ಹಳೇ ಪೆಡಲಿಗೆ ಬಂದೆ. ಎಡ ಶೂ ಒಳಗೆ ಡೆನಿಮ್ ಚಿಂದಿ ಇಟ್ಟುಕೊಳ್ಳುತ್ತೇನೆ. ಎಷ್ಟು ಪದರ, ಹಿಮ್ಮಡಿಗೋ ಬೆರಳಿಗೋ ಹೇಳುವುದಿಲ್ಲ, ಅದು ಅಂಗಡಿ ಗುಟ್ಟು. ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದರಲ್ಲಿ ಒಂದನ್ನು ಮಾತ್ರ ಬಿಟ್ಟಿಲ್ಲ. ಮನೆ ಮುಂದಿನ ಕಟ್ಟೆಯಿಂದ ಒಂದೇ ಕಾಲಲ್ಲಿ ನಿಧಾನ ಇಳಿಯುವುದು, ಹದಿನೈದರಂತೆ ಮೂರು ಸಲ. ಓಣಿಯ ಹುಡುಗರು ಎಣಿಸುತ್ತಾರೆ.

ಮೊಣಕಾಲು ಊದಿಕೊಂಡರೆ ಅಥವಾ ಮಡಚಿದ್ದು ಬಿಚ್ಚದಿದ್ದರೆ ಟೇಪು ಹಿಡಿಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ನನ್ನದು ಹಾಗಿರಲಿಲ್ಲ.

ನೂರಾ ಎಂಬತ್ತು ದಾಟಿದ ಮೇಲೆ ಎಡಗಾಲಿನ ಹೊರ ಅಂಚಲ್ಲಿ ಏನೋ ಸಣ್ಣಗೆ ಹಿಡಿದಂತಾಗುತ್ತೆ. ಸೀಟು ಒಂದೆರಡು ಮಿ.ಮೀ. ಹೆಚ್ಚಾಯಿತೋ, ಚಿಂದಿಯ ಪದರವೋ ಗೊತ್ತಾಗಿಲ್ಲ. ಗಾಳಿ ಇಳಿದ ಮೇಲೆ ಒಂದೊಂದನ್ನೇ ಬದಲಿಸಿ ನೋಡಬೇಕು.