ಕರಟದ ತೂಗುದೀಪಕ್ಕೆ ಒಳಗಿನ ಬೆಳಕನ್ನು ಆಯ್ದುಕೊಳ್ಳುವುದು

ನಮ್ಮ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಗುಬ್ಬಿಯ ಕಡೆ ಕರಟಕ್ಕೆ ಬರವಿಲ್ಲ. ಅದನ್ನು ಉಪ್ಪುಕಾಗದದಿಂದ ಉಜ್ಜಿ, ಸಣ್ಣ ಡ್ರಿಲ್ಲಿನಿಂದ ತೂತು ಕೊರೆದು ತೂಗುದೀಪ ಮಾಡುವವರು ಹೊರಗಿನ ಕುಸುರಿಗೆ ಎಷ್ಟು ಶ್ರಮಪಟ್ಟರೂ, ಒಳಗೆ ಮನೆಯಲ್ಲಿ ಮಿಕ್ಕಿದ್ದ ಬಲ್ಬನ್ನೇ ಸಿಕ್ಕಿಸಿದರೆ ಗೋಡೆಯ ಮೇಲೆ ಬಯಸಿದ ಚಿತ್ತಾರ ಮೂಡುವುದಿಲ್ಲ.

ಮೊದಲು ಬಿಸಿಯ ವಿಚಾರ. ತಂತಿ ಉರಿಯುವ ಹಳೆಯ ಬಲ್ಬು ತಾನು ಎಳೆದ ವಿದ್ಯುತ್ತಿನ ಶೇ. 90ಕ್ಕೂ ಹೆಚ್ಚು ಭಾಗವನ್ನು ಬಿಸಿಯಾಗಿಯೇ ಕಳೆಯುತ್ತದೆ. ಹೆಸರಿಗೆ ಮಾತ್ರ ಸೊನ್ನೆಯಾದ ಹಳೆಯ ಜೀರೋ ಬಲ್ಬು ಕೂಡ 12ರಿಂದ 15 ವ್ಯಾಟ್ ಎಳೆಯುತ್ತದೆ. ಕರಟ ಎಂತಹ ಉರುವಲೆಂಬುದನ್ನು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಮುಚ್ಚಿದ ಕರಟಕ್ಕಾಗಲಿ, ಅಡಿಕೆ ಹಾಳೆಯ ಅಥವಾ ಕಾಗದದ ಗೂಡಿಗಾಗಲಿ ಹಣತೆ, ಮೇಣದಬತ್ತಿ, ತಂತಿ ಬಲ್ಬು ಸಲ್ಲವು, ಎಲ್‌ಇಡಿಯೇ ಸರಿ. ಎಲ್‌ಇಡಿ ಬಲ್ಬಿನ ಬುಡವೂ ಬಿಸಿಯಾಗುವುದರಿಂದ ಮೇಲೆ ಮತ್ತು ಕೆಳಗೆ ಒಂದೊಂದು ಬೆರಳಗಲದಷ್ಟು ಗಾಳಿಕಿಂಡಿ ಬಿಡಬೇಕು.

ಮುಂದಿನದು ಬೆಳಕು ಹೊರಡುವ ಜಾಗದ ಗಾತ್ರ. ನನ್ನ ಮಟ್ಟಿಗೆ ವ್ಯಾಟ್‌ಗಿಂತ ಇದೇ ಮುಖ್ಯ. ಬೆಳಕು ಒಂದೇ ಸಣ್ಣ ಬಿಂದುವಿನಿಂದ ಹೊರಟರೆ ಪ್ರತಿ ತೂತೂ ಗೋಡೆಯ ಮೇಲೆ ಅಂಚು ಸ್ಪಷ್ಟವಾದ ಒಂದು ಚುಕ್ಕಿಯನ್ನು ಬಿಡಿಸುತ್ತದೆ. 9 ವ್ಯಾಟ್ ಬಲ್ಬಿನ ಬಿಳಿ ಬುರುಡೆಯಾದರೋ ಕರಟದ ಒಳಗನ್ನೆಲ್ಲ ತುಂಬಿಕೊಳ್ಳುವುದರಿಂದ ಚುಕ್ಕಿಗಳು ಹಿಗ್ಗಿ, ಒಂದರೊಳಗೊಂದು ಬೆರೆತು, ಚಿತ್ತಾರ ಮಸುಕಾಗುತ್ತದೆ. ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಬಹುದು: ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಹೊತ್ತಿಸಿ ಅದರ ಮೇಲೆ ತೂತಿನ ಕರಟವನ್ನು ಬೋರಲು ಹಾಕಿ ಗೋಡೆಯನ್ನು ನೋಡಿರಿ, ಅನಂತರ ಎಣ್ಣೆಕಾಗದದ ಸಣ್ಣ ಗೂಡೊಂದನ್ನು ಮಾಡಿ ಟಾರ್ಚನ್ನು ಮುಚ್ಚಿ, ಅದರ ಮೇಲೆ ಕರಟವನ್ನಿಟ್ಟು ಮತ್ತೆ ನೋಡಿರಿ. ಮೊದಲನೆಯದು ಹಿಡಿಸಿದರೆ ಒಂದೇ ಬಿಡಿ ಎಲ್‌ಇಡಿ ಸಾಕು, ಎರಡನೆಯದು ಹಿಡಿಸಿದರೆ ಅರ್ಧ ವ್ಯಾಟ್‌ನ ಬಿಳಿ ಬುರುಡೆಯ ರಾತ್ರಿ ಬಲ್ಬು ಸಾಕು.

ತಾಮ್ರದ ತೆಳು ತಂತಿಯಲ್ಲಿ ಪೋಣಿಸಿದ ಎಲ್‌ಇಡಿ ಸರ ಇದಕ್ಕೆ ತಕ್ಕುದಲ್ಲ. ಬಿಂದುಗಳು ಹತ್ತಾರಿರುವುದರಿಂದ ಒಂದೇ ತೂತು ಹತ್ತಾರು ಮಂಕು ಚುಕ್ಕಿಗಳನ್ನು ಚೆಲ್ಲುತ್ತದೆ. ಗಾಜಿನ ಸೀಸೆಯೊಳಗೆ ಮಾತ್ರ ಅದು ಚೆನ್ನ. ಸೆಲ್ಲಿನ ಮೇಲೆ ಉರಿಯುವ ಸರವಾದರೆ ಕರೆಂಟು ಹೋದಾಗಲೂ ಚಿಂತೆಯಿಲ್ಲ.

ಅಡಿಕೆ ಹಾಳೆಗೆ ಅಥವಾ ಬಟ್ಟೆಯ ಗೂಡಿಗೆ ಮೈಯೆಲ್ಲ ಸಮನಾಗಿ ಬೆಳಗುವ ಬೆಳಕು ಬೇಕು. ಅಲ್ಲಿ 12 ವೋಲ್ಟ್‌ನ ಎಲ್‌ಇಡಿ ಪಟ್ಟಿಯನ್ನು ನಡುವಿನ ಕೊಳವೆಗೆ ಸುತ್ತುವುದು ಒಳ್ಳೆಯದು. ಇಂತಹ ಪಟ್ಟಿಯನ್ನು ಸಾಮಾನ್ಯವಾಗಿ ಮೂರು ಎಲ್‌ಇಡಿಗೊಮ್ಮೆ ಬರುವ ಗುರುತಿನಲ್ಲಷ್ಟೇ ಕತ್ತರಿಸಬೇಕು. ಮೀಟರಿಗೆ 4.8 ವ್ಯಾಟ್ ಎಳೆಯುವ ಪಟ್ಟಿ ಎರಡು ಮೀಟರ್ ಇದ್ದರೆ ಸುಮಾರು 10 ವ್ಯಾಟ್ ಆಗುತ್ತದೆ. 1 ಆಂಪಿಯರ್ ಅಡಾಪ್ಟರಿನ ಮಿತಿ 12 ವ್ಯಾಟ್ ಆದ್ದರಿಂದ, ಅದನ್ನು ಅಂಚಿನಲ್ಲಿ ದುಡಿಸುವ ಬದಲು 2 ಆಂಪಿಯರಿನದನ್ನು ಕೊಳ್ಳುವುದು ಮೇಲು.

ಬಣ್ಣದ ಮಟ್ಟಿಗೆ, ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ (ಹಳದಿ ಛಾಯೆಯ ಬೆಳಕು) ಎಂದಿರುವುದನ್ನೇ ಕೇಳಿ ಪಡೆಯಿರಿ. 6500 ಕೆಲ್ವಿನ್‌ನ ನೀಲಿ ಛಾಯೆಯಲ್ಲಿ ಕರಟದ ಕಂದು ಬಣ್ಣ ಬೂದಿ ಬಳಿದಂತೆ ಕಾಣುತ್ತದೆ.

ಹಬ್ಬದ ಸೀರಿಯಲ್ ಸೆಟ್ಟನ್ನು ಕತ್ತರಿಸಿ ಗಿಡ್ಡ ಮಾಡಿ ಬಳಸಲೇಬೇಡಿ. ನೇರವಾಗಿ ಮನೆಯ 230 ವೋಲ್ಟ್‌ಗೆ ಸಿಕ್ಕಿಸುವ ಸೆಟ್ಟಿನಲ್ಲಿ ಆ ವೋಲ್ಟೇಜು ಅಷ್ಟೂ ಬಲ್ಬುಗಳ ನಡುವೆ ಹಂಚಿಹೋಗಿರುತ್ತದೆ. ಬಲ್ಬು ಕಡಿಮೆಯಾದಂತೆ ಉಳಿದವುಗಳ ಪಾಲು ಹೆಚ್ಚಿ ಅವು ಸುಟ್ಟುಹೋಗುತ್ತವೆ, ಬಿಚ್ಚಿದ ತುದಿಯಂತೂ ಮುಟ್ಟಿದವರಿಗೆ ಪೂರ್ತಿ ಶಾಕ್ ಹೊಡೆಯಬಲ್ಲದು.