ಎರಡು ಬದಿಯ ಗುರುತಿನ ಚೀಟಿ

ನನ್ನ ಮೊದಲ ಕರಡಿನಲ್ಲಿ ಇಬ್ಬರು ಖಳರಿದ್ದರು. ಒಬ್ಬ ಮಂತ್ರಿ, ಇನ್ನೊಬ್ಬ ಕಂಪನಿ ಮಾಲೀಕ. 2060ರ ಬೆಂಗಳೂರು. ನೀರೆಲ್ಲ ಅವರಿಬ್ಬರ ಕೈಯಲ್ಲಿ, ನಡುವೆ ಲಕ್ಕಮ್ಮ ಅನ್ನೋ ಮುದುಕಿ. 26 ಪುಟ ಬರೆದು ಗೆಳೆಯನಿಗೆ ಕೊಟ್ಟೆ. "ಮಾರಾಯ, ಇದು ಕಥೆಯಲ್ಲ, ಚುನಾವಣೆ ಭಾಷಣ" ಅಂದ. ಸಿಟ್ಟು ಬಂತು. ಆದರೆ ಅವನು ಹೇಳಿದ್ದು ನಿಜ.

ಸುಮ್ನೆ ಕೂರಲಾರದೆ 'ರೋಬೋಕಾಪ್' ಮತ್ತೆ ನೋಡಿದೆ. 1987ರ ಸಿನಿಮಾ. ಚಿಕ್ಕವನಿದ್ದಾಗ ಬರೀ ಗುಂಡಿನ ಸದ್ದು ಕೇಳಿಸಿತ್ತು. ಈ ಸಲ ಕಾಗದಪತ್ರ ಕಂಡಿತು. ಡೆಟ್ರಾಯಿಟ್ ನಗರದ ಪೊಲೀಸರನ್ನು ನಡೆಸುವ ಗುತ್ತಿಗೆ ಒಂದು ಕಂಪನಿಗೆ ಸಿಕ್ಕಿದೆ. ಗುಂಡೇಟಿಗೆ ಸತ್ತ ಮರ್ಫಿ ಅನ್ನೋ ಪೊಲೀಸನ ದೇಹವನ್ನು ಆ ಕಂಪನಿ ಯಂತ್ರಕ್ಕೆ ಜೋಡಿಸುತ್ತದೆ. ಕೇಳುವವರಿಲ್ಲ, ಯಾಕಂದ್ರೆ ಕೆಲಸಕ್ಕೆ ಸೇರುವಾಗಲೇ ಅವನು ಸಹಿ ಹಾಕಿಬಿಟ್ಟಿದ್ದ. ಅವನ ತಲೆಯೊಳಗೆ ಜನರ ಸೇವೆ, ಅಮಾಯಕರ ರಕ್ಷಣೆ, ಕಾನೂನು ಪಾಲನೆ ಅಂತ ಮೂರು ಆಜ್ಞೆಗಳಿವೆ. ನಾಲ್ಕನೆಯದು ಗುಟ್ಟು: ಕಂಪನಿಯ ದೊಡ್ಡ ಅಧಿಕಾರಿಯನ್ನು ಹಿಡಿಯುವಂತಿಲ್ಲ. ಕೊನೆಗೆ ಆ ದುಷ್ಟ ಅಧಿಕಾರಿಯ ಮೇಲೆ ಮರ್ಫಿ ಕೈ ಮಾಡಲು ಆಗೋದು ಯಾವಾಗ? ಕಂಪನಿಯ ಮುಖ್ಯಸ್ಥ ಆ ಅಧಿಕಾರಿಯನ್ನು ಕೆಲಸದಿಂದ ತೆಗೆದಾಗ! ಕಾನೂನು ಗೆಲ್ಲಲಿಲ್ಲ, ಎಚ್‌ಆರ್ ಗೆದ್ದಿತು.

ಆಗ ದೊಡ್ಡಮ್ಮ ನೆನಪಾದಳು. ವರ್ಷಗಟ್ಟಲೆ ಅಡಿಕೆ ಸುಲಿದು ಅವಳ ಬೆರಳಿನ ಗೆರೆ ಸವೆದಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟರೆ ಯಂತ್ರ ಒಪ್ಪುವುದಿಲ್ಲ. ಅಂಗಡಿಯವನು "ಸರ್ವರ್ ಇಲ್ಲ, ನಾಳೆ ಬನ್ನಿ" ಅಂದ. ನಾಳೆ ಹೋದರೆ ಕಚೇರಿಗೆ ಹೋಗಿ ಅಂದ. ಕಚೇರಿಯಲ್ಲಿ "ಹೆಸರು ಸರಿ ಇದೆ, ಮಷಿನ್ ನಮ್ಮದಲ್ಲ" ಅಂದರು. ಮಷಿನ್‌ನವರಿಗೆ ಫೋನ್ ಮಾಡಿದರೆ "ಮಷಿನ್ ಸರಿ ಇದೆ, ಇಲಾಖೆಗೆ ಕೇಳಿ." ಯಾರೂ ಒರಟಾಗಿ ಮಾತಾಡಲಿಲ್ಲ. "ಈ ಬೆರಳು ನಂದೇ ಅಲ್ವೇನೋ?" ಅಂತ ದೊಡ್ಡಮ್ಮ ನನ್ನನ್ನೇ ಕೇಳಿದಳು.

ಮಂತ್ರಿಯನ್ನೂ ಮಾಲೀಕನನ್ನೂ ಅವತ್ತೇ ಕಥೆಯಿಂದ ಹೊರಗೆ ಹಾಕಿದೆ. ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದೆ. ನೀರು ಯಾರದ್ದು? ಸರ್ಕಾರದ್ದು. ಪೈಪು, ನಲ್ಲಿ? ಕಂಪನಿಯದ್ದು. ಪಟ್ಟಿಯಲ್ಲಿ ಹೆಸರು ಸೇರಿಸೋರು? ಸರ್ಕಾರ. ಅಂಗೈ ನೋಡಿ ನಲ್ಲಿ ಬಿಡೋರು? ಕಂಪನಿ. ತಪ್ಪಾದರೆ ಕೇಳಿಸಿಕೊಳ್ಳೋರು? ಅಲ್ಲಿ ಬರೆಯಲು ಏನೂ ಸಿಗಲಿಲ್ಲ. ಲಕ್ಕಮ್ಮನನ್ನು ಆ ಖಾಲಿ ಜಾಗದಲ್ಲಿ ಕೂರಿಸಿದೆ.

ಆದರೂ ಅವಳ ಎದುರಿಗೆ ಒಬ್ಬ ಬೇಕಿತ್ತು. ಬಂದವನು ಹೊರಗುತ್ತಿಗೆ ಹುಡುಗ. ಕೂರೋದು ವಾರ್ಡ್ ಕಚೇರಿಯಲ್ಲಿ, ಸಂಬಳ ಕಂಪನಿಯಿಂದ. ಕೊರಳಲ್ಲಿ ಒಂದೇ ಗುರುತಿನ ಚೀಟಿ, ಒಂದು ಬದಿ ಸರ್ಕಾರದ ಲಾಂಛನ, ಇನ್ನೊಂದು ಬದಿ ಕಂಪನಿಯ ಗುರುತು. ಎದುರು ಯಾರು ಬಂದರು ಅಂತ ನೋಡಿ ತಿರುಗಿಸಿಕೊಳ್ಳುತ್ತಾನೆ. ಈ ಚೀಟಿ ಬರೆದ ದಿನ ಕಥೆ ಕೈಗೆ ಸಿಕ್ಕಿತು ಅನ್ನಿಸಿತು.

ಕಾನೂನಿನ ಭಾಗ ಹುಸಿಯಾಗಬಾರದು ಅಂತ ಆಧಾರ್ ಮೊಕದ್ದಮೆಯ ಬಗ್ಗೆ ಓದಿದೆ. 2012ರಲ್ಲಿ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ. ಕಾಯ್ದೆಯ 57ನೇ ಸೆಕ್ಷನ್ ಖಾಸಗಿ ಕಂಪನಿಗಳಿಗೂ ಆಧಾರ್ ಬಳಸುವ ದಾರಿ ಬಿಟ್ಟಿತ್ತು. 2018ರಲ್ಲಿ ಕೋರ್ಟು ಆ ಭಾಗವನ್ನು ರದ್ದು ಮಾಡಿತು. ದೊಡ್ಡ ಪಿತೂರಿಯೇನೂ ಬೇಕಿಲ್ಲ, ಅಂಥ ಒಂದು ಸೆಕ್ಷನ್ ಸಾಕು ಅಂತ ನನಗೆ ಗೊತ್ತಾಯಿತು. ನನ್ನ 2060ಕ್ಕೂ ಒಂದು ಬರೆದೆ, ಎರಡೇ ಸಾಲು. ಹಾರುವ ಬಸ್ಸುಗಳ ಒಂಬತ್ತು ಪುಟ ಕಿತ್ತುಹಾಕಿದೆ. ಹೊಟ್ಟೆ ಉರಿಯಿತು, ಚೆನ್ನಾಗಿದ್ದವು.

ಕೊನೆಯಲ್ಲಿ ಕ್ರಾಂತಿ ಇಲ್ಲ. ಹುಡುಗ ರಾತ್ರಿ ಬಂದು ಲಕ್ಕಮ್ಮನ ನಲ್ಲಿಗೆ ತನ್ನ ಅಂಗೈ ಒತ್ತುತ್ತಾನೆ. ಆ ನೀರಿನ ಲೆಕ್ಕ ಅವನ ಮನೆಯ ಪಾಲಿನಲ್ಲಿ ಕಳೆಯುತ್ತದೆ. ನೀರು ಬಂದ ಕೂಡಲೇ ಲಕ್ಕಮ್ಮ ಒಳಗೆ ಓಡಿ ಕೊಡ ತರುತ್ತಾಳೆ.

ದೊಡ್ಡಮ್ಮನಿಗೆ ಓದಿ ಹೇಳಿದೆ. ಸುಮ್ಮನೆ ಕೇಳುತ್ತಿದ್ದವಳು ಅಲ್ಲಿ ತಡೆದಳು.

"ಮೂರು ದಿನ ನೀರಿಲ್ಲದವಳು ಕೊಡಾನ ನಲ್ಲಿ ಕೆಳಗೇ ಇಟ್ಟಿರ್ತಾಳೆ ಕಣೋ. ಒಳಗ್ಯಾಕೆ ಓಡ್ತಾಳೆ?"

ಆ ಸಾಲು ತಿದ್ದಿದೆ.