ಕೆಂಪು ಚೀಟಿಯ ಸುತ್ತು

ಬೆಳಿಗ್ಗೆ ಏಳೂವರೆಗೆ ಆ ಶೆಡ್ಡಿನೊಳಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಕೆಂಪು ಬಣ್ಣ. ನೀಲಿ ಪ್ಲಾಸ್ಟಿಕ್ ಕ್ರೇಟ್‌ಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ತಂತಿಯಲ್ಲಿ ಕಟ್ಟಿದ ಜಾಬ್ ಕಾರ್ಡ್ (ಯಾವ ಕೆಲಸ, ಎಷ್ಟು ಪೀಸ್ ಅಂತ ಬರೆದ ಕಾರ್ಡು), ಅದರ ಪಕ್ಕದಲ್ಲಿ 'ಅರ್ಜೆಂಟ್' ಅಂತ ಬರೆದ ಕೆಂಪು ಚೀಟಿ. ಎಣಿಸುತ್ತಾ ಹೋದೆ. 64 ಕ್ರೇಟ್‌ಗಳಲ್ಲಿ 41ಕ್ಕೆ ಕೆಂಪು ಚೀಟಿ ಇತ್ತು. ಕೆಲವಕ್ಕೆ ಎರಡೆರಡು. ಎರಡು ಚೀಟಿ ಇದ್ದರೆ 'ತುಂಬಾ ಅರ್ಜೆಂಟ್' ಅಂತ ಅಲ್ಲಿಯ ಹುಡುಗ ಹೇಳಿದ.

ಪೀಣ್ಯದ ಒಂದು ಮಷೀನ್ ಶಾಪ್ ಅದು. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ 14 ಸಿಎನ್‌ಸಿ ಮಷೀನು, ಅದನ್ನು ನಿಖರ ಅಳತೆಗೆ ಉಜ್ಜುವ ಎರಡು ಗ್ರೈಂಡಿಂಗ್ ಮಷೀನು, ಅರವತ್ತು ಚಿಲ್ಲರೆ ಜನ. ಹೈಡ್ರಾಲಿಕ್ ವಾಲ್ವ್‌ಗೆ ಬೇಕಾದ ಸ್ಪೂಲ್, ಅಂದರೆ ಒಳಗೆ ಜಾರುತ್ತಾ ಎಣ್ಣೆಯ ದಾರಿ ತೆರೆದು ಮುಚ್ಚುವ ದಂಡು, ಮುಖ್ಯ ಕೆಲಸ. ಮಾಲೀಕರು ನನ್ನನ್ನು ಕರೆಸಿದ್ದು ಟ್ರೇನಿಂಗ್‌ಗೆ. "ಡೆಲಿವರಿ ಯಾವಾಗಲೂ ಲೇಟು ಸರ್. ಸೂಪರ್‌ವೈಸರ್‌ಗಳಿಗೆ ಜವಾಬ್ದಾರಿ ಅನ್ನೋದೇ ಇಲ್ಲ. ಎರಡು ದಿನ ಲೀಡರ್‌ಶಿಪ್ ಕ್ಲಾಸ್ ತಗೊಳ್ಳಿ" ಅಂದರು.

ಹತ್ತು ವರ್ಷದ ಹಿಂದಾಗಿದ್ದರೆ ಒಪ್ಪಿಕೊಂಡು ಕ್ಲಾಸ್ ತೆಗೆದುಕೊಂಡು ಬಂದುಬಿಡುತ್ತಿದ್ದೆ. ಈಗ ಹಾಗೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಬೇಕು.

ಕನ್ಸಲ್ಟಿಂಗ್ ಶುರು ಮಾಡಿದ ಹೊಸದರಲ್ಲಿ ಇನ್ನೊಂದು ಕಾರ್ಖಾನೆಯಲ್ಲಿ ಇದೇ ದೂರು ಇತ್ತು. ನಾನು ಮಷೀನು ಮಷೀನಿಗೂ ಇನ್ಸೆಂಟಿವ್ ಇಡಿ ಅಂದೆ. ಜಾಸ್ತಿ ಪೀಸ್ ತೆಗೆದವರಿಗೆ ಜಾಸ್ತಿ ದುಡ್ಡು. ಮೊದಲ ತಿಂಗಳು ಲೆಕ್ಕ ಚೆನ್ನಾಗಿಯೇ ಬಂತು. ಆಪರೇಟರ್‌ಗಳು ಸೆಟ್ಟಿಂಗ್ ಬದಲಿಸುವ, ಅಂದರೆ ಮಷೀನನ್ನು ಬೇರೆ ಪೀಸಿಗೆ ಸಜ್ಜು ಮಾಡುವ ಗೋಜಿಗೇ ಹೋಗದೆ ಒಂದೇ ಪೀಸನ್ನು ಸಾವಿರಗಟ್ಟಲೆ ತೆಗೆದರು. ಬೇಕಾದ ಮಾಲು ಇಲ್ಲ, ಬೇಡದ ಮಾಲು ರಾಶಿ. ನಾಲ್ಕನೇ ತಿಂಗಳಿಗೆ ಡೆಲಿವರಿ ಇನ್ನೂ ಹಿಂದೆ ಬಿತ್ತು. ಇನ್ಸೆಂಟಿವ್ ನಿಲ್ಲಿಸಿದಾಗ ಜನ ಬೇಜಾರಾದರು, ಮೂವರು ಒಳ್ಳೆಯ ಆಪರೇಟರ್‌ಗಳು ಬಿಟ್ಟೇ ಹೋದರು. ಆ ಮೂವರ ಮುಖ ಇವತ್ತಿಗೂ ನೆನಪಿದೆ. ಒಂದೊಂದು ಮಷೀನನ್ನೂ ನಾನು ಸರಿ ಮಾಡಿದ್ದೆ, ಮಷೀನು ಮಷೀನಿನ ನಡುವೆ ಏನು ನಡೆಯುತ್ತದೆ ಅಂತ ನೋಡಿರಲಿಲ್ಲ. ಸಿಸ್ಟಮ್ಸ್ ಥಿಂಕಿಂಗ್, ಅಂದರೆ ಬಿಡಿ ಭಾಗಗಳಿಗಿಂತ ಅವುಗಳ ನಡುವಿನ ಸಂಬಂಧ ನೋಡುವ ವಿಚಾರವನ್ನು ಕೂತು ಓದಲು ಶುರು ಮಾಡಿದ್ದು ಆಮೇಲೆ.

ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಜೇ ಫಾರೆಸ್ಟರ್ ಅವರ ಕತೆ. ಅಮೆರಿಕದ ನೆಬ್ರಾಸ್ಕದಲ್ಲಿ ದನ ಸಾಕುವ ಮನೆತನದಲ್ಲಿ ಬೆಳೆದವರು. ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಕಟ್ಟಿದ ಎಂಜಿನಿಯರ್. 1956ರಲ್ಲಿ ಅಲ್ಲಿಯ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದರು. ಜನರಲ್ ಎಲೆಕ್ಟ್ರಿಕ್ ಕಂಪನಿಯವರಿಗೆ ಆಗ ಕೆಂಟಕಿಯಲ್ಲಿದ್ದ ಗೃಹೋಪಯೋಗಿ ವಸ್ತುಗಳ ಕಾರ್ಖಾನೆಗಳದ್ದೇ ಚಿಂತೆ. ಒಮ್ಮೆ ಮೂರು ನಾಲ್ಕು ಶಿಫ್ಟ್ ಓಡುತ್ತಿತ್ತು, ಕೆಲವು ವರ್ಷ ಬಿಟ್ಟು ನೋಡಿದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಮಾರುಕಟ್ಟೆಯ ಏರಿಳಿತ ಅಂತ ಎಲ್ಲರೂ ಅಂದುಕೊಂಡಿದ್ದರು. ಫಾರೆಸ್ಟರ್ ನೋಟ್‌ಬುಕ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿದರು. ಸ್ಟಾಕ್ ಎಷ್ಟು, ಜನ ಎಷ್ಟು, ಆರ್ಡರ್ ಎಷ್ಟು, ಅದನ್ನು ನೋಡಿ ಈ ವಾರ ಎಷ್ಟು ಜನರನ್ನು ತಗೋತಾರೆ ಅಂತ. ಆರ್ಡರ್ ಒಂದೇ ಸಮ ಬರುತ್ತಿದ್ದರೂ ಜನರ ಸಂಖ್ಯೆ ಮಾತ್ರ ಏರಿಳಿಯಬಹುದು ಅಂತ ಕಂಡಿತು. ಏರಿಳಿತ ಹುಟ್ಟುತ್ತಿದ್ದದ್ದು ಅವರದೇ ತೀರ್ಮಾನಗಳಿಂದ, ಆ ತೀರ್ಮಾನದ ಫಲ ತಡವಾಗಿ ಕಾಣುವುದರಿಂದ. ಒಳ್ಳೆಯ ಬುದ್ಧಿವಂತರೇ ಕೂತು ಮಾಡಿದ ತೀರ್ಮಾನಗಳು ಅವು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಪೀಣ್ಯದ ಮಾಲೀಕರಿಗೆ ನೇರವಾಗಿ ಹೇಳಿದೆ: "ಟ್ರೇನಿಂಗ್ ಆಮೇಲೆ ನೋಡೋಣ ಸರ್. ಎರಡು ವಾರ ಸುಮ್ನೆ ಶೆಡ್ಡಿನಲ್ಲಿ ಕೂರಲು ಬಿಡಿ." ಒಪ್ಪಿದರು.

ಮೂರನೇ ನಂಬರ್ ಸಿಎನ್‌ಸಿ ಪಕ್ಕ ಒಂದು ಸ್ಟೂಲ್ ಹಾಕಿಕೊಂಡೆ. ಅಲ್ಲಿ ಸೆಟ್ಟಿಂಗ್ ಮಾಡುವ ಹಿರಿಯರು ತುಮಕೂರು ಜಿಲ್ಲೆಯ ಹಳ್ಳಿಯವರು, 22 ವರ್ಷದ ಅನುಭವ. ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ. ಸೋಮವಾರ ಬೆಳಿಗ್ಗೆ 400 ಪೀಸಿನ ಒಂದು ಜಾಬ್‌ಗೆ ಸೆಟ್ಟಿಂಗ್ ಶುರು ಮಾಡಿದರು. ಪೀಸನ್ನು ಕಚ್ಚಿ ಹಿಡಿಯುವ ಹಳೆಯ ಜಾ ಬಿಚ್ಚಿ ಹೊಸದು ಹಾಕಿ, ಅದನ್ನು ಪೀಸಿನ ಅಳತೆಗೆ ಬೋರ್ ಮಾಡಿ, ಟೂಲ್ ಆಫ್‌ಸೆಟ್ (ಟೂಲಿನ ಅಳತೆಯ ಹೊಂದಾಣಿಕೆ) ಕೊಟ್ಟು, ಮೊದಲ ಪೀಸ್ ತೆಗೆದು, ಮೈಕ್ರೋಮೀಟರ್ ಹಿಡಿದು ನೋಡಿ, ಇನ್‌ಸ್ಪೆಕ್ಷನ್‌ಗೆ ಕಳಿಸಿ, ಅಲ್ಲಿಂದ ಓಕೆ ಬರುವ ಹೊತ್ತಿಗೆ ಎರಡು ಗಂಟೆ ಹತ್ತು ನಿಮಿಷ. ಮಷೀನು ಓಡತೊಡಗಿತು. 90 ಪೀಸ್ ಆಗಿರಬೇಕು, ಮಾಲೀಕರು ಮೊಬೈಲ್ ಕಿವಿಗಿಟ್ಟುಕೊಂಡೇ ಬಂದರು. ಒಂದು ಕ್ರೇಟ್‌ಗೆ ಕೆಂಪು ಚೀಟಿ ಕಟ್ಟಿ, "ಇದನ್ನ ಈಗಲೇ ಹಾಕಿ" ಅಂದು ಹೋದರು. ಅಣ್ಣ ಮಾತಾಡಲಿಲ್ಲ. ಓಡುತ್ತಿದ್ದ ಸೆಟ್ಟಿಂಗ್ ಬಿಚ್ಚಿದರು. ಮತ್ತೆ ಎರಡು ಗಂಟೆ. ಮೊದಲ ಜಾಬ್‌ನ ಉಳಿದ 310 ಪೀಸಿಗೆ ನಾಳೆಯೋ ನಾಡಿದ್ದೋ ಮತ್ತೆ ಅದೇ ಸೆಟ್ಟಿಂಗ್ ಕಟ್ಟಬೇಕು.

ಆ ವಾರ ಆ ಒಂದು ಮಷೀನಿನಲ್ಲಿ ಒಂಬತ್ತು ಸೆಟ್ಟಿಂಗ್ ಆಯಿತು. ಜಾಬ್‌ಗಳನ್ನು ಮುಗಿಯುವವರೆಗೆ ಬಿಟ್ಟಿದ್ದರೆ ನಾಲ್ಕು ಸಾಕಿತ್ತು. 48 ಗಂಟೆಯ ವಾರದಲ್ಲಿ ಹತ್ತು ಗಂಟೆ ಹೀಗೆ ಕರಗಿ ಹೋಯಿತು. 90 ಪೀಸಿಗೆ ನಿಂತ ಜಾಬ್ ಮುಂದಿನ ವಾರ ತಾನೇ ಲೇಟಾಗಿ ಅದಕ್ಕೂ ಒಂದು ಕೆಂಪು ಚೀಟಿ ಬಂತು.

ಶನಿವಾರ ಕ್ಯಾಂಟೀನ್ ಮೇಜಿನ ಮೇಲೆ ದೊಡ್ಡ ಬ್ರೌನ್ ಶೀಟ್ ಹಾಸಿದೆವು. ಮಾಲೀಕರು, ಪ್ಲಾನಿಂಗ್ ನೋಡುವ ಹುಡುಗಿ, ಇಬ್ಬರು ಸೂಪರ್‌ವೈಸರ್, ಅಣ್ಣ, ನಾನು. ಸ್ಕೆಚ್ ಪೆನ್ ನನ್ನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಕನ್ಸಲ್ಟೆಂಟ್ ಬರೆದ ಚಿತ್ರ ಕನ್ಸಲ್ಟೆಂಟ್ ಹೋದ ಮೇಲೆ ಗೋಡೆಯಿಂದ ಇಳಿಯುತ್ತದೆ, ಇದನ್ನು ಎಷ್ಟೋ ಕಡೆ ನೋಡಿದ್ದೇನೆ. ಪೆನ್ ಪ್ಲಾನಿಂಗ್ ಹುಡುಗಿಗೆ ಕೊಟ್ಟು ಒಂದೇ ಪ್ರಶ್ನೆ ಕೇಳುತ್ತಾ ಹೋದೆ: ಇದಾದರೆ ಆಮೇಲೆ ಏನಾಗುತ್ತೆ?

ಡೆಲಿವರಿ ಲೇಟ್ ಆದರೆ ಕಸ್ಟಮರ್ ಫೋನ್ ಮಾಡ್ತಾರೆ. ಫೋನ್ ಬಂದರೆ ಕೆಂಪು ಚೀಟಿ. ಚೀಟಿ ಬಂದರೆ ಓಡೋ ಸೆಟ್ಟಿಂಗ್ ಬಿಚ್ಚುತ್ತೇವೆ. ಬಿಚ್ಚಿದರೆ ಮಷೀನಿನ ಹೊತ್ತು ಕಡಿಮೆ. ಹೊತ್ತು ಕಡಿಮೆಯಾದರೆ ಇನ್ನೊಂದು ಜಾಬ್ ಲೇಟ್. ಗೆರೆ ಎಳೆಯುತ್ತಾ ಎಳೆಯುತ್ತಾ ಹುಡುಗಿಯ ಕೈ ಶುರುವಾದ ಜಾಗಕ್ಕೇ ಬಂದು ನಿಂತಿತು. ಯಾರೂ ಮಾತಾಡಲಿಲ್ಲ. ಮಾಲೀಕರು ಹಾಳೆಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಅಂದ್ರೆ ಈ ಚೀಟಿ ಕಟ್ಟೋನು ನಾನೇ ಅಲ್ವಾ?"

ಈ ಕೆಲಸದಲ್ಲಿ ನಾನು ಕಾಯುವುದು ಈ ಒಂದು ಮಾತಿಗೆ. ನಾನೇ ಅದನ್ನು ಬಾಯಿಬಿಟ್ಟು ಹೇಳಿದ್ದರೆ ಅವರು ತಮ್ಮ ಪರ ವಾದ ಮಾಡುತ್ತಿದ್ದರು. ಅದು ತಪ್ಪೂ ಅಲ್ಲ. ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದವರು ಅವರೇ, ಬ್ಯಾಂಕಿನ ಇಎಂಐ ಕಟ್ಟಬೇಕಾದವರೂ ಅವರೇ. ಅವರ ಜಾಗದಲ್ಲಿ ನಿಂತರೆ ಪ್ರತಿ ಚೀಟಿಗೂ ನ್ಯಾಯವಾದ ಕಾರಣ ಇತ್ತು. ಸೂಪರ್‌ವೈಸರ್‌ಗಳಿಗೆ ಜವಾಬ್ದಾರಿ ಇಲ್ಲ ಅನ್ನುವ ದೂರು ಅವತ್ತಿನಿಂದ ನಿಂತಿತು. ದಿನಕ್ಕೆ ಎಂಟು ಸಲ ಪ್ಲಾನ್ ಬದಲಾಗುವ ಕಡೆ ಯಾರು ತಾನೇ ಜವಾಬ್ದಾರಿ ಹೊರುತ್ತಾರೆ?

ಮುಂದಿನ ಮಾತು ಬಂದದ್ದು ಅಣ್ಣನಿಂದ. ಶೆಡ್ಡಿನಲ್ಲಿ ಅರ್ಧಂಬರ್ಧ ಆಗಿ ನಿಂತ ಮಾಲು ಸುಮಾರು 18,000 ಪೀಸ್. ದಿನಕ್ಕೆ ಡಿಸ್ಪ್ಯಾಚ್ ಆಗುವುದು 600. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಸಾಬೀತು ಮಾಡಿದ ಸರಳ ಲೆಕ್ಕ ಒಂದಿದೆ: ಒಳಗೆ ನಿಂತ ಮಾಲನ್ನು ದಿನಕ್ಕೆ ಹೊರಗೆ ಹೋಗುವ ಮಾಲಿನಿಂದ ಭಾಗಿಸಿದರೆ ಒಂದು ಪೀಸ್ ಸರಾಸರಿ ಎಷ್ಟು ದಿನ ಒಳಗಿರುತ್ತದೆ ಅಂತ ಸಿಗುತ್ತದೆ. ಇಲ್ಲಿ 30 ದಿನ. ಒಂದು ಸ್ಪೂಲ್‌ಗೆ ಎಲ್ಲ ಮಷೀನಿನ ಕೆಲಸ ಸೇರಿಸಿದರೂ ಒಂದು ಗಂಟೆ ಆಗುವುದಿಲ್ಲ. ಇದನ್ನು ವಿವರಿಸುತ್ತಿದ್ದಾಗ ಅಣ್ಣ ಹೇಳಿದರು: "ಕೆರೆ ಇದ್ದ ಹಾಗೆ ಸಾರ್. ತೂಬಿನಲ್ಲಿ ಹೋಗೋ ನೀರು ಅಷ್ಟೇ. ನಾವು ಕಾಲುವೆಯಿಂದ ತುಂಬಿಸ್ತಾನೇ ಇದ್ದೀವಿ." ತೂಬು ಯಾವುದು ಅಂತ ಕೇಳಿದೆ. "ಗ್ರೈಂಡಿಂಗ್. ಎರಡೇ ಮಷೀನು. ಬೇರೆ ಯಾವುದು?" ಅಂದರು. ಸ್ಟಾಕ್, ಫ್ಲೋ ಅಂತ ನಾನು ಕ್ಲಾಸುಗಳಲ್ಲಿ ಗಂಟೆಗಟ್ಟಲೆ ಹೇಳುತ್ತಿದ್ದದ್ದು ಮೂರು ವಾಕ್ಯದಲ್ಲಿ ಮುಗಿದಿತ್ತು. ಅಲ್ಲಿಂದಾಚೆಗೆ ನಾನೂ ಕೆರೆ, ಕಾಲುವೆ, ತೂಬು ಅಂತಲೇ ಹೇಳುತ್ತೇನೆ.

ಮಾಡಿದ್ದು ಎರಡೇ ಕೆಲಸ. ಗ್ರೈಂಡಿಂಗ್ ದಿನಕ್ಕೆ ಎಷ್ಟು ಮುಗಿಸುತ್ತದೋ ಅಷ್ಟೇ ಕಚ್ಚಾ ಮಾಲು ಸ್ಟೋರಿನಿಂದ ಹೊರಗೆ ಬರಬೇಕು. ಕೆಂಪು ಚೀಟಿ ಇಡೀ ಶೆಡ್ಡಿಗೆ ಮೂರೇ, ಅವು ಪ್ಲಾನಿಂಗ್ ಹುಡುಗಿಯ ಡ್ರಾಯರ್‌ನಲ್ಲಿ. ಮಾಲೀಕರಿಗೂ ಬೇಕಾದರೆ ಅವಳನ್ನೇ ಕೇಳಬೇಕು. ಮೂರೂ ಹೊರಗಿದ್ದರೆ ಒಂದು ವಾಪಸ್ ಬರುವವರೆಗೆ ಕಾಯಬೇಕು.

ಹೇಳುವುದಕ್ಕೆ ಸುಲಭ. ಎರಡನೇ ವಾರದಿಂದ ಕಷ್ಟ ಶುರುವಾಯಿತು. ಒಳಗೆ ಹೋಗುವ ಮಾಲು ಕಡಿಮೆಯಾದ್ದರಿಂದ ಮುಂದಿನ ಸಾಲಿನ ನಾಲ್ಕು ಸಿಎನ್‌ಸಿ ಮಧ್ಯಾಹ್ನದ ಮೇಲೆ ಖಾಲಿ ನಿಂತವು. ಹಳೆಯ ಲೇಟ್ ಜಾಬ್‌ಗಳು ಇನ್ನೂ ಕರಗಿರಲಿಲ್ಲ, ಕಸ್ಟಮರ್ ಫೋನ್ ನಿಂತಿರಲಿಲ್ಲ. ಮಾಲೀಕರು ನನ್ನನ್ನು ಆಫೀಸಿಗೆ ಕರೆದು ಬಾಗಿಲು ಹಾಕಿದರು. "40 ಲಕ್ಷದ ಮಷೀನು ಸರ್ ಅದು. ಸುಮ್ನೆ ನಿಂತಿದೆ. ಸಾಲ ಓಡ್ತಾನೇ ಇದೆ. ನನಗೆ ರಾತ್ರಿ ನಿದ್ದೆ ಇಲ್ಲ." ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಬ್ರೌನ್ ಶೀಟ್ ಬಿಚ್ಚಿ, ಗ್ರೈಂಡಿಂಗ್ ಮುಂದೆ ನಿಂತ ಕ್ರೇಟ್‌ಗಳ ಲೆಕ್ಕ ಮಾತ್ರ ತೋರಿಸಿದೆ. ದಿನಕ್ಕೆ ಇಷ್ಟು ಇಳಿಯುತ್ತಿದೆ, ಇನ್ನು ಐದು ವಾರ ಬೇಕು ಅಂದೆ. ನಿಂತ ಮಷೀನಿನ ಆಪರೇಟರ್‌ಗಳನ್ನು ಗ್ರೈಂಡಿಂಗ್‌ಗೆ ಡೀಬರ್ರಿಂಗ್ ಮಾಡಿಕೊಡಲು (ಪೀಸಿನ ಅಂಚಿನ ಚೂರು ತೆಗೆಯಲು), ಮುಂದಿನ ಸೆಟ್ಟಿಂಗ್‌ನ ಟೂಲ್ ಜೋಡಿಸಿಡಲು ಹಾಕೋಣ ಅಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, "ಐದು ವಾರ" ಅಂದರು.

ಆ ಐದು ವಾರ ತಡೆದುಕೊಂಡದ್ದೇ ಅವರ ನಾಯಕತ್ವ ಅಂತ ನಾನು ನಂಬುತ್ತೇನೆ. ಕಾಯುವುದು ಬಹಳ ಕಷ್ಟ, ಅದರಲ್ಲೂ ದುಡ್ಡು ನಿಮ್ಮದಾದಾಗ. ಒಂದು ದಿನ ಬೆಳಿಗ್ಗೆ ಬಂದಾಗ ಅವರ ಶರ್ಟ್ ಜೇಬಿನಲ್ಲಿ ಮಡಚಿದ ಕೆಂಪು ಕಾಗದ ಕಾಣಿಸಿತು. ಮನೆಯಿಂದ ಬರೆದು ತಂದಿದ್ದರು. ಸಂಜೆವರೆಗೂ ಅದು ಜೇಬಿನಲ್ಲೇ ಇತ್ತು.

ಏಳನೇ ವಾರಕ್ಕೆ ಬದಲಾವಣೆ ಕಣ್ಣಿಗೆ ಕಾಣತೊಡಗಿತು. ನಾಲ್ಕು ತಿಂಗಳಿಗೆ ಒಳಗಿನ ಮಾಲು 7,500ಕ್ಕೆ ಇಳಿಯಿತು, 30 ದಿನ ಇದ್ದದ್ದು ಸುಮಾರು 12 ದಿನಕ್ಕೆ ಬಂತು. ಒಂದೂ ಹೊಸ ಮಷೀನು ತರಲಿಲ್ಲ.

ಸುತ್ತಿನ ಇನ್ನೊಂದು ಕೊನೆ ಕಸ್ಟಮರ್ ಹತ್ತಿರ ಇತ್ತು. ಡೆಲಿವರಿ ಲೇಟ್ ಆಗುತ್ತದೆ ಅಂತ ಗೊತ್ತಿದ್ದದ್ದರಿಂದ ಅವರ ಪರ್ಚೇಸ್‌ನವರು ಬೇಕಾದ ದಿನಕ್ಕಿಂತ ಮೂರು ವಾರ ಮುಂಚಿನ ತಾರೀಕು ಹಾಕುತ್ತಿದ್ದರು, ಸಂಖ್ಯೆಯನ್ನೂ ಸ್ವಲ್ಪ ಏರಿಸಿ. ನಮ್ಮವರು ಅದನ್ನು ನಿಜವಾದ ಬೇಡಿಕೆ ಅಂತ ನಂಬಿ ಓವರ್‌ಟೈಮ್ ಮಾಡಿಸುತ್ತಿದ್ದರು. ಇದನ್ನು ಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದಕ್ಕೆ ಎಂಐಟಿಯಲ್ಲಿ 1960ರ ಆಸುಪಾಸಿನಲ್ಲಿ ಶುರುವಾದ ಬಿಯರ್ ಗೇಮ್ ಆಡಿಸಿದೆ. ಅಂಗಡಿಯವರು, ಸಗಟು ವ್ಯಾಪಾರಿ, ವಿತರಕರು, ಕಾರ್ಖಾನೆ ಅಂತ ನಾಲ್ಕು ಜನ ಸಾಲಾಗಿ ಕೂರಬೇಕು. ಬಿಯರ್ ಕ್ರೇಟ್ ಬದಲು ಹುಣಸೆ ಬೀಜ ಇಟ್ಟೆ. ಗಿರಾಕಿ ವಾರಕ್ಕೆ ನಾಲ್ಕು ಕೇಳುತ್ತಾರೆ, ಐದನೇ ವಾರದಿಂದ ಎಂಟು, ಆಮೇಲೆ ಬದಲಾವಣೆಯೇ ಇಲ್ಲ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುವುದಿಲ್ಲ, ಆರ್ಡರ್ ಚೀಟಿ ಮಾತ್ರ ಹೋಗುತ್ತದೆ, ಮಾಲು ಬರಲು ವಾರಗಳು ಬೇಕು. ಇಷ್ಟಕ್ಕೇ ಕಾರ್ಖಾನೆಯ ಜಾಗದಲ್ಲಿದ್ದ ಸೂಪರ್‌ವೈಸರ್‌ಗೆ ಒಂದು ವಾರ 40ರ ಆರ್ಡರ್ ಬಂತು, ಮುಂದೆ ನಾಲ್ಕು ವಾರ ಸೊನ್ನೆ. ಆಟ ಮುಗಿದ ಮೇಲೆ ಗಿರಾಕಿಯ ಲೆಕ್ಕ ಬಿಚ್ಚಿ ತೋರಿಸಿದಾಗ ಅವರು ನಂಬಲೇ ಇಲ್ಲ. ಹಾಳೆ ಕೈಗೆ ತೆಗೆದುಕೊಂಡು ತಾವೇ ಎರಡು ಸಲ ಎಣಿಸಿದರು.

ಮುಂದಿನ ವಾರ ಮಾಲೀಕರು ಕಸ್ಟಮರ್ ಹತ್ತಿರ ಹೋಗಿ, ಅಸೆಂಬ್ಲಿಗೆ ನಿಜವಾಗಿ ಬೇಕಾಗುವ ತಾರೀಕು ಕೊಡಿ ಅಂತ ಕೇಳಿದರು. ಮೊದಲು ಕೊಡಲಿಲ್ಲ. ಮೂರು ತಿಂಗಳು ಹೇಳಿದ ದಿನಕ್ಕೆ ಮಾಲು ಹೋದ ಮೇಲೆ ಒಬ್ಬ ಕಸ್ಟಮರ್ ಕೊಟ್ಟರು. ಇನ್ನೊಬ್ಬರು ಇವತ್ತಿಗೂ ಕೊಟ್ಟಿಲ್ಲ. ಹೊರಗೆ ಹೀಟ್ ಟ್ರೀಟ್‌ಮೆಂಟ್‌ಗೆ (ಕಾಯಿಸಿ ಗಟ್ಟಿ ಮಾಡಲು) ಹೋದ ಮಾಲು ಅವರ ಫರ್ನೇಸ್ ತುಂಬುವವರೆಗೆ ಅಲ್ಲೇ ಕಾಯುತ್ತದೆ, ಅದನ್ನೂ ಬಿಡಿಸಲು ನಮ್ಮಿಂದ ಆಗಿಲ್ಲ.

ಹೋದ ತಿಂಗಳು ಆ ಕಡೆ ಹೋದಾಗ ಒಳಗೆ ಹೋಗಿದ್ದೆ. ಬ್ರೌನ್ ಶೀಟ್ ಕ್ಯಾಂಟೀನ್ ಗೋಡೆಯ ಮೇಲೆಯೇ ಇತ್ತು, ಅಂಚಿಗೆ ಎಣ್ಣೆಯ ಕಲೆ ಹತ್ತಿತ್ತು. ನಾವು ಬರೆದ ಗೆರೆಗಳ ಪಕ್ಕದಲ್ಲಿ ಹಸಿರು ಇಂಕಿನಲ್ಲಿ ಒಂದು ಹೊಸ ಸುತ್ತು. ಚೀಟಿ ಕಡಿಮೆಯಾದರೆ ಮಧ್ಯಾಹ್ನ ಹೊತ್ತು ಸಿಗುತ್ತೆ. ಹೊತ್ತು ಸಿಕ್ಕರೆ ಹುಡುಗರಿಗೆ ಸೆಟ್ಟಿಂಗ್ ಕಲಿಸಬಹುದು. ಅವರು ಕಲಿತರೆ ಜಾಬ್ ಬೇಗ ಹತ್ತುತ್ತೆ, ಚೀಟಿ ಇನ್ನೂ ಕಡಿಮೆ. ಯಾರು ಬರೆದದ್ದು ಅಂತ ಕೇಳಬೇಕಾಗಿರಲಿಲ್ಲ. ಮೂರನೇ ನಂಬರ್ ಮಷೀನಿನ ಹತ್ತಿರ ಅಣ್ಣ ಕೈ ಕಟ್ಟಿ ನಿಂತಿದ್ದರು. ಒಳಗೆ ಕೈ ಹಾಕಿ ಜಾ ಬಿಗಿಯುತ್ತಿದ್ದವನು ಇಪ್ಪತ್ತು ವರ್ಷದ ಹುಡುಗ.